ಹೆಸರು ಕೂರುವ ಜಾಗ

ನನ್ನ ಮೊಮ್ಮಗಳು ಬರೆದ ಚಿತ್ರ ವಾರಪತ್ರಿಕೆಯ ಮುಖಪುಟವಾಗಿ ಇವತ್ತು ಬೆಳಿಗ್ಗೆ ಬಂದಿದೆ. ಕೊಡಿಗೇನಹಳ್ಳಿ ಬಸ್ ನಿಲ್ದಾಣದಲ್ಲಿ ಅದನ್ನು ಹಗ್ಗಕ್ಕೆ ನೇತುಹಾಕಿದವರು ನಮ್ಮ ಪೇಪರ್ ಅಂಗಡಿಯವರು. ಬೆರಳ ತುದಿಯೆಲ್ಲ ಶಾಯಿಯಿಂದ ಕಪ್ಪು, ಅಂಗಿಯ ಕಾಲರಿನಲ್ಲಿ ಯಾವಾಗಲೂ ನಾಲ್ಕಾರು ಬಟ್ಟೆ ಕ್ಲಿಪ್ಪು. ನಾನು ಬರೆಯಲು ಕೂತಿದ್ದು ಮೊಮ್ಮಗಳ ಬಗ್ಗೆ. ಕೈ ಮಾತ್ರ ಅವರ ಕಡೆಗೇ ಹೋಗುತ್ತಿದೆ.

ನಾನು ಓದಿದ್ದು ಮೂರನೇ ಕ್ಲಾಸು. ಅವರ ಹಗ್ಗದಲ್ಲಿ ಹಿಂದೂಪುರದಿಂದ ಬರುವ ತೆಲುಗು ಪತ್ರಿಕೆಗಳೂ ನಮ್ಮ ಕನ್ನಡದವೂ ಒಟ್ಟಿಗೇ ತೂಗುತ್ತವೆ. ಮದುವೆಯಾಗಿ ಬಂದ ಹೊಸತರಲ್ಲಿ ಚಂದದ ರಂಗೋಲಿ ಇದ್ದ ಒಂದು ಪತ್ರಿಕೆ ತಂದು, ಸಂಜೆಯವರೆಗೂ ಅಕ್ಷರ ಕೂಡಿಸಿ, ಓದಲಾಗದೆ, ಕಲಿತದ್ದೆಲ್ಲ ಮರೆತುಹೋಯಿತೆಂದು ಅತ್ತುಬಿಟ್ಟಿದ್ದೆ. ಮರುದಿನ ಹೋಗಿ ಹೇಳಿದರೆ ಅವರು ನಕ್ಕಿದ್ದೇ ನಕ್ಕಿದ್ದು.

"ನೀನೇನೂ ಮರ್ತಿಲ್ಲ ಕಣಮ್ಮ, ಇದು ತೆಲುಗು" ಎಂದರು. ಆಮೇಲೆ ಹಳೆಯ ಸಂಚಿಕೆಗಳನ್ನು ಸಾಲಾಗಿ ಹರಡಿದರು. "ಚಿತ್ರ ನೋಡಿ ಮೋಸ ಹೋಗ್ಬ್ಯಾಡ. ಅದು ವಾರವಾರ ಬದಲಾಯ್ತದೆ. ಮೇಲ್ಗಡೆ ಹೆಸ್ರು ಕೂರೋ ಜಾಗ, ಅದ್ರ ಆಕಾರ ಬದಲಾಗಲ್ಲ. ಅದನ್ನ ಗುರ್ತಿಟ್ಕೊ."

ಅಂದಿನಿಂದ ಬಸ್ಸಿನ ಕಿಟಕಿಯಿಂದಲೇ ನನ್ನ ಪತ್ರಿಕೆಯನ್ನು ಗುರುತಿಸುತ್ತೇನೆ. ಅವರಿಗೂ ಒಂದು ಹಟವಿತ್ತು. ಮುಖಪುಟ ಎಂದರೆ ಹೀರೋಯಿನ್ ಮುಖ. ಮಿಕ್ಕಿದ್ದನ್ನೆಲ್ಲ ಹಿಂದಿನ ಸಾಲಿಗೆ ತಳ್ಳುತ್ತಿದ್ದರು.

ಹೋದ ತಿಂಗಳು ಮೊಮ್ಮಗಳು ಕಡಲೆಕಾಯಿ ಮಂಕರಿ ಹೊತ್ತು ನಿಂತ ಹೆಂಗಸರ ಚಿತ್ರ ಬರೆದು ಪತ್ರಿಕೆಗೆ ಕಳಿಸಿದಳು. ಹಾಳೆಯ ತುದಿಯವರೆಗೂ ಮಂಕರಿಗಳೇ. ಪತ್ರಿಕೆಯ ಹೆಸರಿಗೆ ಜಾಗವಿಲ್ಲ, ತಿದ್ದಿ ಕಳಿಸಿ ಎಂದು ಅದು ವಾಪಸು ಬಂತು. ನನ್ನ ಹೆಂಗಸರ ತಲೆ ಕತ್ತರಿಸಲಾರೆ ಎಂದು ಹುಡುಗಿ ಬಣ್ಣದ ಡಬ್ಬಿಯನ್ನೇ ಅಟ್ಟಕ್ಕೆ ಹಾಕಿದಳು. ಇನ್ನು ಚಿತ್ರವೇ ಬರೆಯುವುದಿಲ್ಲವಂತೆ. ನನಗೆ ಊಟ ಸೇರಲಿಲ್ಲ. ಚಿತ್ರ ಸುತ್ತಿಕೊಂಡು, ಅವಳನ್ನೂ ಎಳೆದುಕೊಂಡು ಅಂಗಡಿಗೆ ಹೋದೆ.

ಅವರು ಅದನ್ನು ಹಗ್ಗಕ್ಕೆ ಸಿಕ್ಕಿಸಿ, ದೂರ ನಿಂತು ನೋಡಿದರು. ಹೀರೋಯಿನ್ ಇಲ್ಲದ್ದಕ್ಕೆ ಮೊದಲು ಗೊಣಗಿದರು. ಆಮೇಲೆ ಮೆತ್ತಗೆ ಹೇಳಿದರು: "ಎಷ್ಟೊತ್ತು ಅಂತ ಹೊರೆ ಹೊತ್ಕೊಂಡ್ ನಿಂತಿರ್ತಾರೆ ತಾಯಿ? ಇಳಿಸಿ ಕೂತ್ಕೊಳ್ಳಾಕೆ ಹೇಳು. ಮೇಲ್ಗಡೆ ತಾನೇ ಜಾಗ ಆಯ್ತದೆ. ಯಾರ ತಲೇನೂ ಕತ್ತರಿಸ್ಬ್ಯಾಡ."

ಮುನಿದ ಹುಡುಗಿ ಫಕ್ಕನೆ ನಕ್ಕಳು. ಮನೆಗೆ ಬಂದವಳೇ ಅಟ್ಟ ಹತ್ತಿದಳು.

ಇವತ್ತು ಹೋಗಿ ನೋಡಿದರೆ ಮುಂದಿನ ಸಾಲಿನ ತುಂಬ ನಮ್ಮ ಹೆಂಗಸರೇ ಕೂತಿದ್ದಾರೆ. ಹೀರೋಯಿನ್‌ಗಳೆಲ್ಲ ಹಿಂದಕ್ಕೆ. ಈ ಋಣ ಊಟ ಹಾಕಿ ತೀರುವಂಥದ್ದಲ್ಲ. ಆದರೂ ಸಂಜೆ ಕರೆದೆ. ಅವರು ಅಂಗಡಿಯನ್ನು ಬೇಗ ಮುಚ್ಚಿ ಬಂದರು.

ಮಗ, ಸೊಸೆ, ಬೀಗರು, ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತೆವು. ಅವರ ಎಲೆ ಮೊಮ್ಮಗಳ ಪಕ್ಕ. ಹೋಳಿಗೆ ಮುರಿಯುತ್ತಲೇ ಮುಂದಿನ ಚಿತ್ರ ಯಾವುದೆಂದು ಇಬ್ಬರಿಗೂ ವಾದ ಹತ್ತಿಕೊಂಡಿತು. ಒಬ್ಬರೂ ಸೋಲುವಂತೆ ಕಾಣಲಿಲ್ಲ. ನಾನು ಇಬ್ಬರ ಎಲೆಗೂ ಇನ್ನಷ್ಟು ತುಪ್ಪ ಸುರಿದೆ.