ಅಕ್ಕನಿಗೆ ಹೇಳದ ಆಪರೇಶನ್

ನಮ್ಮ ಮನೆಯವರ ಪಿತ್ತಕೋಶದಲ್ಲಿ ಕಲ್ಲುಗಳಿವೆ ಎಂಬುದು ಮಿರ್ಚಿಭಜಿಯ ಪುಣ್ಯದಿಂದ ಗೊತ್ತಾಯಿತು. ಬೆಟಗೇರಿಯಲ್ಲಿ ಸಂಜೆಯಾದರೆ ಗಿರ್ಮಿಟ್ಟು, ಮಿರ್ಚಿ ತಿನ್ನದ ಗಂಡಸು ಸಿಗುವುದು ಕಷ್ಟ. ಇವರಂತೂ ಮಗ್ಗದಿಂದ ಎದ್ದು ಕೈ ತೊಳೆಯುವುದಕ್ಕೂ ಮೊದಲು ಬಂಡಿಯ ಮುಂದೆ ನಿಂತಿರುತ್ತಿದ್ದರು. ಆ ದಿನ ತಿಂದು ಬಂದು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತರು. ಲಾಳಿ ಓಡಿಸಲು ಎತ್ತಿದ ಕೈ ಹಾಗೆಯೇ ಬಲ ಪಕ್ಕೆಲುಬಿನ ಕೆಳಗೆ ಹೋಯಿತು. ಮೈಯೆಲ್ಲ ಬೆವರು. ಎದೆನೋವೇ ಇರಬೇಕು ಎಂದುಕೊಂಡೆ. ಆಟೋದಲ್ಲಿ ಹಾಕಿಕೊಂಡು ಗದಗಿನ ಆಸ್ಪತ್ರೆಗೆ ಓಡಿದೆ.

ಸ್ಕ್ಯಾನಿಂಗ್ ಮಾಡಿದ ಡಾಕ್ಟರು, "ಎದಿಗೇನೂ ಆಗಿಲ್ಲವ್ವಾ, ಹೆದರಬ್ಯಾಡ. ಪಿತ್ತಕೋಶದಾಗ ಕಲ್ಲ ಅದಾವ. ಸಣ್ಣ ಸಣ್ಣ ತೂತು ಹಾಕಿ ಪಿತ್ತಕೋಶ ತಗದಬಿಡೂನು, ಮುಗಿತು" ಎಂದರು.

"ತಗದ ಒಗಿಯಾಕ ಅದೇನ್ ಹಲ್ಲೇನ್ರಿ?" ಎಂದು ಕೇಳಿ ನಮ್ಮ ಮನೆಯವರು ಮಂಚದಿಂದ ಇಳಿದೇ ಬಿಟ್ಟರು. ನೋವು ಅಷ್ಟೊತ್ತಿಗೆ ಕಡಿಮೆಯಾಗಿತ್ತು.

ಹಾಗೆ ಇಳಿದು ಬಂದದ್ದು ಧೈರ್ಯವಲ್ಲ, ಪುಕ್ಕಲುತನ. ಅದರ ಕಾರಣವೂ ನನಗೆ ಗೊತ್ತಿತ್ತು. ಇವರು ಸಣ್ಣವರಿದ್ದಾಗ ಇವರ ತಾಯಿ ಆಪರೇಶನ್ನಿಗೆಂದು ನಡೆದುಕೊಂಡು ಹೋದವರು ನಡೆದು ವಾಪಸು ಬರಲಿಲ್ಲ. ಆಮೇಲೆ ಇವರನ್ನು ಸಾಕಿದ್ದು ಇವರ ಅಕ್ಕ. ಆಕೆಯೇ ಆಗ ಲಂಗ ತೊಡುವ ಹುಡುಗಿ. ತಂದೆಯ ಮಗ್ಗಕ್ಕೆ ನೂಲು ಸುತ್ತಿಕೊಟ್ಟು, ರೊಟ್ಟಿ ಬಡಿದು, ತಮ್ಮನ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದರಂತೆ. ಮದುವೆಯಾಗಿ ಮುಂಡರಗಿಗೆ ಹೋದ ಮೇಲೂ ಗದಗಿನ ಕಡೆ ಬರುವವರ ಕೈಯಲ್ಲಿ ತಮ್ಮನಿಗೆಂದು ಶೇಂಗಾಚಟ್ನಿ ಕಳಿಸುವುದು ತಪ್ಪಲಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ನನ್ನ ಚಟ್ನಿಗೇನು ರೋಗ ಬಂದಿತ್ತು? ಹೋಗಲಿ, ಅದು ಹಳೆಯ ಮಾತು. ಗಂಡ ತೀರಿಕೊಂಡ ಮೇಲೆ ಅಕ್ಕ ಬಟ್ಟೆ ಹೊಲಿದು ಒಬ್ಬಳೇ ಮಗಳನ್ನು ಕಾಲೇಜಿಗೆ ಕಳಿಸುತ್ತಿದ್ದರು.

ಆ ಅಕ್ಕನಿಗೂ ಪಿತ್ತಕೋಶದಲ್ಲಿ ಕಲ್ಲು ಇದ್ದವು. ಆದರೆ ಆಕೆ ತಮ್ಮನ ಹಾಗಲ್ಲ, ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. "ಹುಡುಗಿಗೆ ನಾ ಬಿಟ್ರ ಯಾರದಾರ? ಹೆದರಿ ಕುಂತ್ರ ನಡಿಯೂದಿಲ್ಲ" ಎಂದು ಅದೇ ಡಾಕ್ಟರಲ್ಲಿ ಆಪರೇಶನ್ನಿನ ದಿನ ಗೊತ್ತು ಮಾಡಿಸಿದ್ದರು. ರಕ್ತಪರೀಕ್ಷೆಯೂ ಮುಗಿದಿತ್ತು.

ಇತ್ತ ನಮ್ಮ ಒಲೆಯ ಮೇಲೆ ಅಡುಗೆಗಿಂತ ಔಷಧವೇ ಹೆಚ್ಚು ಕುದಿಯಿತು. ಮಾತಾಡಿಸಲು ಬಂದವರೆಲ್ಲ ಒಂದೊಂದು ಮದ್ದು ಹೇಳಿ, ಚಹಾ ಕುಡಿದು ಹೋದರು. ಸೊರಟೂರಿನ ಬೀಗರು ಹುರಳಿ ಕಟ್ಟು ಕುಡಿಸು ಎಂದರು. ಹರ್ತಿಯಿಂದ ಬಂದವರು ಬಾಳೆದಿಂಡನ್ನೇ ಹೊತ್ತು ತಂದರು. ಅದೆಲ್ಲ ಮೂತ್ರದ ಕಲ್ಲಿಗೆ ಹೇಳುವ ಮದ್ದು, ಇದು ಬೇರೆ ಎಂದು ಡಾಕ್ಟರು ತಿಳಿಸಿದ್ದನ್ನು ನಾನು ಹೇಳಿದರೆ, "ನೀ ಯಾವಾಗ ಡಾಕ್ಟರ್ಕಿ ಕಲ್ತೀ?" ಎಂದು ಇವರು ಬಂದವರ ಎದುರೇ ನಕ್ಕರು. ಕೊನೆಗೆ ಲಕ್ಷ್ಮೇಶ್ವರದಲ್ಲಿ ಗಾಣದ ಎಣ್ಣೆ ಮಾರುವವನೊಬ್ಬ ಸಿಕ್ಕ. ಅವನ ಮದ್ದು ಇಷ್ಟೇ: ದಿನವಿಡೀ ಉಪವಾಸವಿದ್ದು, ಸಂಜೆ ದೊಡ್ಡ ಗ್ಲಾಸು ತುಂಬ ಕುಸುಬೆ ಎಣ್ಣೆಗೆ ನಿಂಬೆರಸ ಹಿಂಡಿ ಕುಡಿದು ಬಲಮಗ್ಗುಲಿಗೆ ಮಲಗಬೇಕು. ಬೆಳಿಗ್ಗೆ ಕಲ್ಲು ತಾವಾಗಿಯೇ ಬೀಳುತ್ತವಂತೆ.

ಇವರು ಹಾಗೆಯೇ ಕುಡಿದು ಮಲಗಿದರು. ಮರುದಿನ ಬೆಳಿಗ್ಗೆ ಪಾಯಖಾನೆಯಿಂದ ಕರೆದರು. "ಏ, ಬಾ ಇಲ್ಲೆ, ಜಲ್ದಿ ಬಾ."

ಹೋಗಿ ನೋಡಿದರೆ ನನ್ನ ಚಹಾ ಸೋಸುವ ಜಾಳಿಗೆ ಇವರ ಕೈಯಲ್ಲಿ. ಅದರಲ್ಲಿ ತೊಳೆದಿಟ್ಟ ಹಸಿರು ಉಂಡೆಗಳು, ಕೆಲವು ಹೆಸರುಕಾಳಿನಷ್ಟು, ಕೆಲವು ಬಟಾಣಿಯಷ್ಟು. "ಬಿದ್ವು ನೋಡು. ಅಷ್ಟೂ ಬಿದ್ವು" ಎಂದರು. ಕಣ್ಣಲ್ಲಿ ನೀರು ಬಂದಿತ್ತು. ನನಗೆ ಜಾಳಿಗೆಯ ಮೇಲಿನ ಸಿಟ್ಟು ಒಂದು ಕಡೆ. ಆದರೂ ಒಳಗೊಳಗೆ ಸಮಾಧಾನವಾಯಿತು, ಸುಳ್ಳು ಹೇಳಲಾರೆ. ಅವನ್ನೊಂದು ಗಾಜಿನ ಬಾಟಲಿಗೆ ಹಾಕಿ ಕಿಟಕಿಯಲ್ಲಿಟ್ಟರು. ಬಂದವರಿಗೆಲ್ಲ ತೋರಿಸುವುದೇ ಕೆಲಸವಾಯಿತು. ಓಣಿಗೆಲ್ಲ ಡಂಗುರ ಹೊಡೆದರು.

ಮೊದಲು ಫೋನು ಹೋದದ್ದು ಮುಂಡರಗಿಗೆ. "ಅಕ್ಕಾ, ಆಪರೇಶನ್ ಬ್ಯಾಡ. ನನ್ನ ಮಾತ ಕೇಳು. ಅವ್ವನ ಕಳಕೊಂಡಂಗ ನಿನ್ನ ಕಳಕೊಳ್ಳಾಕ ನನಗ ಆಗೂದಿಲ್ಲ. ಎಣ್ಣಿ ನಾನ ತಂದ ಕೊಡ್ತೀನಿ." ಅಕ್ಕ ಆ ಕಡೆಯಿಂದ ಅತ್ತರು. ಅವರಿಗೂ ಬೇಕಾಗಿದ್ದು ಅದೇ ಇರಬೇಕು, ಯಾರಾದರೂ ಬೇಡ ಎನ್ನುವುದು. ಗೊತ್ತು ಮಾಡಿದ ದಿನಕ್ಕೆ ಅವರು ಆಸ್ಪತ್ರೆಗೆ ಹೋಗಲಿಲ್ಲ. ಎಣ್ಣೆ ಕುಡಿದರು. ಅವರಿಗೂ ಹಸಿರು ಉಂಡೆಗಳು ಬಿದ್ದವು.

ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಕೂರುವಂತಿಲ್ಲ. ಒಂದು ದಿನ ಕಿಟಕಿ ಒರೆಸಲು ಹೋದೆ. ಬಾಟಲಿಯಲ್ಲಿ ಕಲ್ಲು ಇರಲಿಲ್ಲ. ತಳದಲ್ಲಿ ಹಸಿರು ಜಿಡ್ಡು ನಿಂತಿತ್ತು. ಬೆರಳಿಗೆ ಹಚ್ಚಿ ಮೂಸಿ ನೋಡಿದೆ. ಕುಸುಬೆ ಎಣ್ಣೆಯ ಕಮಟು ವಾಸನೆ. ಬಿಸಿಲಿಗೆ ಕಲ್ಲು ಕರಗುತ್ತದೆಯೇ? ಕುಡಿದ ಎಣ್ಣೆಯೇ ನಿಂಬೆರಸದ ಜೊತೆ ಹೊಟ್ಟೆಯಲ್ಲಿ ಸಾಬೂನಿನ ಹಾಗೆ ಗಟ್ಟಿಯಾಗಿ ಹೊರಗೆ ಬಂದಿತ್ತು. ಕಲ್ಲು ಇದ್ದಲ್ಲೇ ಇದ್ದವು, ಇವರ ಹೊಟ್ಟೆಯಲ್ಲೂ, ಅಕ್ಕನ ಹೊಟ್ಟೆಯಲ್ಲೂ. ಬಾಟಲಿ ಒಯ್ದು ಇವರ ಮುಂದೆ ಕುಕ್ಕಿದೆ.

"ಕರಗಸೂ ಔಷಧ ಕುಡದಿದ್ದೆ, ಕರಗ್ಯಾವ. ಅದರಾಗೇನೈತಿ?" ಎಂದರು. ಇಂಥ ಮನುಷ್ಯನಿಗೆ ಏನು ಹೇಳುವುದು? ಈ ಜಿಡ್ಡು ತೋರಿಸಿದರೆ ಅಕ್ಕನಾದರೂ ನಂಬುತ್ತಾರೆಯೇ ಎಂದುಕೊಂಡು ಬಾಟಲಿಯನ್ನು ಚರಂಡಿಗೆ ಒಗೆದು ಬಂದೆ.

ಎರಡನೆಯ ಸಲ ನೋವು ಬಂದಾಗ ಚಳಿಜ್ವರವೂ ಬಂತು. ಇವರು ನೆಲದ ಮೇಲೆ ಹೊರಳಾಡಿದರು. ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಅದೇ ಡಾಕ್ಟರ ಬಳಿಗೆ ಒಯ್ದೆ. "ತಗೀರಿ ಸಾಹೇಬ್ರ, ಏನ ಬೇಕಾದ್ದ ತಗೀರಿ, ಈ ಬ್ಯಾನಿ ತಡ್ಯಾಕಾಗೂದಿಲ್ಲ" ಎಂದು ಇವರೇ ಕೈಮುಗಿದರು. ಆಪರೇಶನ್ ಆಯಿತು. ಇವರು ಹೆದರಿದ ಯಾವುದೂ ಆಗಲಿಲ್ಲ. ಮರುದಿನ ಎದ್ದು ಕುಳಿತು ಗಂಜಿ ಕುಡಿದರು. ಡಾಕ್ಟರು ತೆಗೆದ ಕಲ್ಲುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಕಂದು ಬಣ್ಣದ ಕಲ್ಲು, ಅಲ್ಲಾಡಿಸಿದರೆ ಕಟಕಟ ಎನ್ನುತ್ತಿದ್ದವು.

ನಾನು ಫೋನು ಹಿಡಿದು ಮೊದಲು ಮುಂಡರಗಿಗೆ ಹಚ್ಚಲು ಹೋದೆ. ಇವರು ಮಲಗಿದಲ್ಲಿಂದಲೇ ಕೈ ಹಿಡಿದರು.

"ಅಕ್ಕಗ ಅಪೆಂಡಿಕ್ಸ್ ಅಂತ ಹೇಳು."

"ಯಾಕ್ರಿ?"

"ಆಕಿ ಆಪರೇಶನ್ ನಾನ ಬಿಡಿಸೀನಿ. ಈಗ ನಾನ ಮಾಡಿಸ್ಕೊಂಡೆ ಅಂದ್ರ ಏನಂದಾಳು? ಓಣ್ಯಾಗ ತಲಿ ಎತ್ತಿ ಹೆಂಗ ಅಡ್ಡಾಡ್ಲಿ? ಸಾವಕಾಶ ನಾನ ಹೇಳ್ತೀನಿ."

"ಸಾವಕಾಶ ಹೇಳಾಕ ಇದೇನ್ ಮದುವಿ ಮಾತೇನ್ರಿ? ಆಕಿ ಹೊಟ್ಟ್ಯಾಗ ಕಲ್ಲ ಹಂಗ ಅದಾವ."

ನನ್ನ ಮಾತು ಮುಗಿಯುವುದರೊಳಗೆ ನನ್ನ ಕೈಯಿಂದ ಫೋನು ಕಿತ್ತುಕೊಂಡು ತಾವೇ ಅಕ್ಕನಿಗೆ ಅಪೆಂಡಿಕ್ಸ್ ಎಂದು ಹೇಳಿಬಿಟ್ಟರು. ಆಸ್ಪತ್ರೆಯ ಕಾಗದಗಳನ್ನು ಮನೆಗೆ ಬಂದ ಮೇಲೆ ಎಲ್ಲಿ ಬಚ್ಚಿಟ್ಟರೋ, ಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ.

ಇವರು ಓಡಾಡುವಂತಾದ ಕೂಡಲೇ ನಾನು ಕಲ್ಲಿನ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಮುಂಡರಗಿಯ ಬಸ್ಸು ಹತ್ತಿದೆ. ಅಕ್ಕ ಹೊಲಿಗೆಯಂತ್ರದ ಮುಂದೆ ಕುಳಿತಿದ್ದರು. ಮೈ ಇಳಿದಿತ್ತು, ಕಣ್ಣಿನ ಸುತ್ತ ಕಪ್ಪಾಗಿತ್ತು. ನಡುನಡುವೆ ನೋವು ಬರುತ್ತದೆ, ಬಂದಾಗಲೆಲ್ಲ ಎಣ್ಣೆ ಕುಡಿಯುತ್ತೇನೆ ಎಂದರು. ಡಬ್ಬಿ ತೆರೆದು ಮುಂದಿಟ್ಟೆ.

"ಅಕ್ಕಾರ, ಇವು ನೋಡ್ರಿ ಖರೆ ಕಲ್ಲು. ನಿಮ್ಮ ತಮ್ಮನ ಹೊಟ್ಟ್ಯಾಗಿಂದ ಡಾಕ್ಟರ್ ತಗದ ಕೊಟ್ಟಾರ. ಎಣ್ಣಿಗೆ ಬಿದ್ದಿದ್ದು ಕಲ್ಲಲ್ರಿ, ಎಣ್ಣಿನ. ಅವರಿಗಾಗಿದ್ದು ಅಪೆಂಡಿಕ್ಸ್ ಅಲ್ರಿ."

ಅಕ್ಕ ಕಲ್ಲುಗಳನ್ನು ನೋಡಿದರು, ನನ್ನನ್ನು ನೋಡಿದರು. ತಮ್ಮನಿಗೆ ಫೋನು ಹಚ್ಚಿ ನನಗೂ ಕೇಳುವ ಹಾಗೆ ಇಟ್ಟರು.

"ತಮ್ಮಾ, ನಿನಗ ಯಾವ ಆಪರೇಶನ್ ಆಗೇತೋ?"

ಫೋನಿನಲ್ಲಿ ನಮ್ಮ ಪಕ್ಕದ ಮನೆಯ ಮಗ್ಗದ ಸದ್ದು ಕೇಳುತ್ತಿತ್ತು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಹೇಳ್ರಿ, ಒಂದು ಸಲ ಹೇಳ್ರಿ ಎಂದು.

"ಅಪೆಂಡಿಕ್ಸ್ ಅಕ್ಕಾ. ಯಾಕ?"

"ಏನಿಲ್ಲ. ಮೈ ಕಡೆ ಲಕ್ಷ್ಯ ಇರ್ಲಿ" ಎಂದು ಅಕ್ಕ ಫೋನು ಇಟ್ಟರು. ನನ್ನ ಮೇಲೆ ರೇಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ರೇಗಲಿಲ್ಲ. "ನಿನಗ ಅವನ ಮ್ಯಾಲ ಸಿಟ್ಟ ಐತಿ, ನನಗ ತಿಳೀತೈತವಾ. ಅವ ಹಟಮಾರಿ ಖರೆ. ಆದ್ರ ನನ್ನ ಮುಂದ ಸುಳ್ಳ ಹೇಳೂದಿಲ್ಲ. ಕೈ ತೊಳಿ, ಉಂಡ ಹೋಗು" ಎಂದು ತಟ್ಟೆ ಹಾಕಿದರು. ನಾನು ಅಳುತ್ತ ಆ ರೊಟ್ಟಿ ತಿಂದೆ. ಕಾಲೇಜಿನಲ್ಲಿದ್ದ ಮಗಳಿಗೂ ಆಮೇಲೆ ಫೋನು ಮಾಡಿ ಹೇಳಿದೆ. "ಅವ್ವ ಮಾಮಾನ ಕೇಳ್ಯಾಳಲ್ರಿ ಅತ್ತಿ" ಎಂದಳು ಹುಡುಗಿ, ಮೆಲ್ಲಗೆ.

ಬೆಟಗೇರಿಗೆ ಬಂದು ಮನೆ ತಲೆಯ ಮೇಲೆ ಹೊತ್ತುಕೊಂಡೆ. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. "ಆಕಿ ದನಿ ಕೇಳಿದ ಕೂಡ್ಲೆ ಬಾಯಿ ಬರಲಿಲ್ಲ. ಹೋಗಿ ಎದುರ ಕುಂತ ಹೇಳ್ತೀನಿ" ಎಂದರು. ಒಂದು ಸೋಮವಾರ ಹೋದರು ಕೂಡ. ಸಂಜೆ ಬಂದಾಗ ಕೈಯಲ್ಲಿ ಅಕ್ಕ ಕಟ್ಟಿಕೊಟ್ಟ ರೊಟ್ಟಿಯ ಗಂಟು.

"ಹೇಳಿದ್ರಿ?"

"ಆಕಿ ಭಾಳ ಖುಷಿಯಾಗಿದ್ಲು. ಹೇಳಾಕ ಮನಸ್ಸಾಗಲಿಲ್ಲ."

ಆ ಗಂಟನ್ನು ನಾನು ಮುಟ್ಟಲಿಲ್ಲ. ಇವರೊಬ್ಬರೇ ಕುಳಿತು ಉಂಡರು.

ಕೆಲವೇ ದಿನಗಳಲ್ಲಿ ಹುಡುಗಿಯ ಫೋನು ಬಂತು. ಅಕ್ಕನಿಗೆ ನೋವು ಬೆನ್ನಿಗೆ ಹೊಡೆಯುತ್ತಿದೆ, ವಾಂತಿ ನಿಲ್ಲುತ್ತಿಲ್ಲ, ಹಿಂದಿನ ಸಂಜೆಯೂ ಎಣ್ಣೆ ಕುಡಿದಿದ್ದರು ಎಂದಳು. ಗದಗಿಗೆ ತಂದಾಗ ಡಾಕ್ಟರು ನೋಡಿ, ಒಂದು ಕಲ್ಲು ಜಾರಿ ನಾಳದಲ್ಲಿ ಸಿಕ್ಕಿದೆ, ಮೇದೋಜೀರಕ ಗ್ರಂಥಿ ಬಾತು ಕೊಳೆಯುತ್ತಿದೆ, ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಆಪರೇಶನ್ನಿಗೆ ಯಾಕೆ ಬರಲಿಲ್ಲ ಎಂದು ಕೇಳಿದರು. ಇವರು ಗಾಡಿ ತರುತ್ತೇನೆಂದು ಹೊರಗೆ ಹೋದರು.

ಹುಬ್ಬಳ್ಳಿಯಲ್ಲಿ ಅಕ್ಕನಿಗೆ ಎಚ್ಚರವಿದ್ದಾಗ ನಾವಿಬ್ಬರೂ ಒಳಗೆ ಹೋದೆವು. ಅಕ್ಕ ತಮ್ಮನ ಕೈ ಹಿಡಿದುಕೊಂಡರು. ಮಾತು ತಡೆತಡೆದು ಬರುತ್ತಿತ್ತು.

"ನಿನ್ನ ಕಲ್ಲ ಒಮ್ಮಿಗೇ ಮುಗದ್ವು ತಮ್ಮಾ. ನನಗ್ಯಾಕ ಮುಗಿಯವಲ್ವು?"

ಇವರು ಅಕ್ಕನ ಅಂಗೈಯಲ್ಲಿ ಮುಖ ಇಟ್ಟು ಅತ್ತರು. ಬಾಯಿ ಬಿಡಲಿಲ್ಲ. ನಾನು ಇವರ ಬೆನ್ನಿಗೆ ಕೈ ಹಚ್ಚಿ ನೂಕಿದೆ, ಆದರೂ ಬಿಡಲಿಲ್ಲ. ಅಕ್ಕ ಮತ್ತೆ ಮಾತಾಡಲಿಲ್ಲ. ಅವರನ್ನು ಮುಂಡರಗಿಗೆ ಹೆಣವಾಗಿ ತಂದೆವು.

ಎಲ್ಲ ಮುಗಿದ ಮೇಲೆ ಬಂದವರು ಒಬ್ಬೊಬ್ಬರಾಗಿ ಹೋದರು. ಮನೆಯಲ್ಲಿ ಹುಡುಗಿ, ನಾನು, ಇವರು. ಅವಳನ್ನು ಬೆಟಗೇರಿಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಅವಳು ತಾಯಿಯ ಸೀರೆಗಳನ್ನು ಮಡಿಸಿ ಟ್ರಂಕಿಗೆ ಇಡುತ್ತಿದ್ದಳು. ಇವರು ಗೋಡೆಗೆ ಒರಗಿ ಕುಳಿತಿದ್ದರು.

"ಮಾಮಾ" ಎಂದಳು ಹುಡುಗಿ, ಸೀರೆಯ ಮೇಲಿನ ಕಣ್ಣು ತೆಗೆಯದೆ. "ಕಡೀ ಸಲ ಅವ್ವ ಎಣ್ಣಿ ಕುಡಿಯೂಮುಂದ ಮನ್ಯಾಗ ನಿಂಬಿಹಣ್ಣ ಸಣ್ಣವು ಇದ್ವು. ಪ್ಯಾಟಿಗೆ ಹೋಗಾಕ ಬ್ಯಾಸರಾಗಿ ಇದ್ದಷ್ಟ ಹಿಂಡಿ ಕೊಟ್ಟೆ. ಅದಕ್ಕ ಹಿಂಗಾತೇನು?"

ನಾನು ಇವರ ಮುಖ ನೋಡಿದೆ. ಈಗಲಾದರೂ ಹೇಳುತ್ತಾರೆ ಎಂದು ಕಾದೆ. ಹೇಳಿದ್ದರೆ ಅಕ್ಕ ಎದ್ದು ಬರುತ್ತಿರಲಿಲ್ಲ. ಈ ಮಗುವಾದರೂ ಬದುಕಿಕೊಳ್ಳುತ್ತಿತ್ತು. ಇವರು ನೆಲ ನೋಡುತ್ತ ಕುಳಿತರು. ನನಗೆ ತಡೆಯಲಾಗಲಿಲ್ಲ. ಅವಳ ಪಕ್ಕದಲ್ಲಿ ಕುಳಿತು ಎರಡೂ ಕೈ ಹಿಡಿದೆ.

"ನಿಂದೇನೂ ತಪ್ಪಿಲ್ಲವ್ವಾ. ಎಷ್ಟ ನಿಂಬಿಹಣ್ಣ ಹಿಂಡಿದ್ರೂ ಅಷ್ಟ. ಆ ಔಷಧನ ಸುಳ್ಳು. ನಿಮ್ಮ ಮಾಮಾನ ಕಲ್ಲೂ ಅದಕ್ಕ ಬಿದ್ದಿದ್ದಿಲ್ಲ. ಆಪರೇಶನ್ ಮಾಡಿ ತಗದಾರ."

ಹುಡುಗಿ ಮಾಮನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಇವರು ತಲೆ ಎತ್ತಲಿಲ್ಲ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವಳು ನನ್ನ ಕೈಯಿಂದ ತನ್ನ ಕೈ ಮೆಲ್ಲಗೆ ಬಿಡಿಸಿಕೊಂಡು ಮುಂದಿನ ಸೀರೆ ತೆಗೆದಳು.

"ನನಗ ಸಮಾಧಾನ ಆಗ್ಲಿ ಅಂತ ಹೇಳಾಕತ್ತೀರಿ ಅತ್ತಿ" ಎಂದಳು. "ನಾನ ಕಡಿಮಿ ಹಿಂಡೀನಿ. ನನಗ ಗೊತ್ತೈತಿ."