ಹಡಗಿನ ತಟ್ಟೆ, ಮಾನ್ವಿಯ ದೇಗು

ಬೆಳಗಿನ ಐದೂವರೆ. ಮಾನ್ವಿಯ ಶಾದಿ ಮಹಲಿನ ಹಿಂದಿನ ಅಂಗಳದಲ್ಲಿ ಜಾಲಿ ಕಟ್ಟಿಗೆಯ ಹೊಗೆ ಕಣ್ಣಿಗೆ ಅಡರುತ್ತಿದೆ. ಮೂವತ್ತು ಕಿಲೋ ಉಳ್ಳಾಗಡ್ಡಿ ಎಣ್ಣೆಯಲ್ಲಿ ಬೇಯುತ್ತಿದ್ದರೆ ಬಾವರ್ಚಿ ಗುಲಾಮ್ ದಸ್ತಗೀರ್ ಬಾಣಲೆಯ ಕಡೆ ನೋಡುವುದೇ ಇಲ್ಲ. ಲುಂಗಿ ಎತ್ತಿ ಕಟ್ಟಿಕೊಂಡು, ಕಣ್ಣು ಮುಚ್ಚಿ, ಎಣ್ಣೆಯ ಸದ್ದು ಕೇಳುತ್ತ ನಿಂತಿದ್ದಾರೆ. ಸದ್ದು ಸ್ವಲ್ಪ ತೆಳುವಾದದ್ದೇ ತಡ, "ತೆಗೀರಿ" ಅನ್ನುತ್ತಾರೆ. ತೆಗೆದು ನೋಡಿದರೆ ಒಂದೇ ಒಂದು ಎಳೆಯೂ ಕರಕಾಗಿಲ್ಲ, ಎಲ್ಲವೂ ಹೊಂಬಣ್ಣ.

ಎಂಟು ನೂರು ಜನರ ಮದುವೆ ಊಟ. ಒಂದೂಕಾಲು ಕ್ವಿಂಟಲ್ ಸೋನಾ ಮಸೂರಿ, ಅಷ್ಟೇ ತೂಕದ ಮಟನ್, ಹಂಡೆಯಂಥ ಏಳು ದೇಗುಗಳ ತುಂಬ ಬಿರಿಯಾನಿ. ಒಲೆಗಳು ಮಾತ್ರ ಎಂಟು. ಎಂಟನೆಯ ಒಲೆಗೆ ಕಟ್ಟಿಗೆ ಜೋಡಿಸಿಟ್ಟಿದೆ, ಪಕ್ಕದಲ್ಲಿ ಖಾಲಿ ದೇಗೂ ಇದೆ, ಬೆಂಕಿ ಇಟ್ಟಿಲ್ಲ. ಅದು ಯಾತಕ್ಕೆ ಎಂದು ಕೇಳಿದರೆ ದಸ್ತಗೀರ್ ನಗುತ್ತಾರೆ. "ಅದನ್ನ ಹಚ್ಚಬೇಕೋ ಬ್ಯಾಡೋ, ಚಪ್ಲಿ ನೋಡಿ ಹೇಳ್ತೀನ್ರಿ."

ಈ ನಲವತ್ತೊಂಬತ್ತು ವರ್ಷದ ಮನುಷ್ಯ ಅಡುಗೆ ಕಲಿತದ್ದು ಮಾನ್ವಿಯಲ್ಲಿ, ಜನರ ಹೊಟ್ಟೆಯನ್ನು ಅರಿತದ್ದು ಸಮುದ್ರದ ಮೇಲೆ. ಇಪ್ಪತ್ತೇಳನೇ ವಯಸ್ಸಿಗೆ ಒಂದು ಬ್ಯಾಗು ಹಿಡಿದು ರಾಯಚೂರು ಸ್ಟೇಷನ್ನಿನಲ್ಲಿ ಮುಂಬೈ ರೈಲು ಹತ್ತಿದವರು, ಸುಖಪ್ರವಾಸದ ಹಡಗೊಂದರಲ್ಲಿ ಹದಿನೆಂಟು ವರ್ಷ ದುಡಿದರು. ಮೊದಲು ಪಾತ್ರೆ ತೊಳೆದರು, ಆಮೇಲೆ ತರಕಾರಿ ಹೆಚ್ಚಿದರು. ಕೊನೆಯ ಏಳು ವರ್ಷ, ಜನ ತಾವೇ ಬಡಿಸಿಕೊಳ್ಳುವ ಊಟದ ಸಾಲಿನಲ್ಲಿ ಯಾವ ಪದಾರ್ಥ ಎಲ್ಲಿಡಬೇಕು, ಎಷ್ಟಿಡಬೇಕು ಎಂದು ನೋಡುವ ಕೆಲಸ. "ನಾಕು ಸಾವಿರ ಮಂದಿ ಬರೇ ಉಣ್ಣಾಕ ಬಂದವರು, ಸಾವಿರದ ಮುನ್ನೂರು ಮಂದಿ ದುಡಿಯಾಕ. ನಮ್ಮ ಬಾಜೂ ಊರು ಬಾಗಲವಾಡನ ಎತ್ತಿ ನೀರಿನ ಮ್ಯಾಲ ಇಟ್ಟಂಗ್ರಿ," ಎನ್ನುತ್ತಾರೆ ಅವರು.

ಇಷ್ಟು ಜನಕ್ಕೆ ಮೂರು ಹೊತ್ತು ಬಿಟ್ಟಿ ಊಟ ಹಾಕಿ ಹಡಗಿನವರು ಹೇಗೆ ಬದುಕುತ್ತಾರೆ? ದಸ್ತಗೀರ್ ಅವರನ್ನು ಮೊದಲ ವರ್ಷವೆಲ್ಲ ಕಾಡಿದ ಪ್ರಶ್ನೆ ಇದೇ. ಉತ್ತರ ತಿಳಿದಾಗ ಆದ ಬೆರಗು ಇವತ್ತಿಗೂ ಅವರ ದನಿಯಿಂದ ಹೋಗಿಲ್ಲ.

"ಟಿಕೆಟ್ ಅಗ್ಗರೀ. ಅದು ಒಳಗ ಕರಿಯಾಕ ಅಷ್ಟ. ಆ ರೊಕ್ಕ ಎಣ್ಣಿಗೆ, ಪಗಾರಕ್ಕ, ಊಟಕ್ಕ ಹೋಗಿಬಿಡತದ. ಖರೇ ಗಳಿಕಿ ಮಂದಿ ಹತ್ತಿದ ಮ್ಯಾಲ ಶುರು ಆಗತದ."

ನೀರು, ಚಹಾ ಬಿಟ್ಟಿ, ಬಾಟಲಿಗೆ ದುಡ್ಡು. ಬಾರಿನ ಮುಂದೆ ಉಪ್ಪು ಹಚ್ಚಿದ ಶೇಂಗಾ ಬಟ್ಟಲುಗಟ್ಟಲೆ ಇಟ್ಟಿರುತ್ತಾರೆ, ಅದೂ ಬಿಟ್ಟಿ. ತಿಂದವನಿಗೆ ದಾಹವಾಗದೆ ಇರುತ್ತದೆಯೇ? ಹತ್ತುವಾಗಲೇ ನಿಲ್ಲಿಸಿ ಫೋಟೊ ತೆಗೆದು ಸಂಜೆಗೆ ಗೋಡೆಗೆ ತೂಗುಹಾಕುತ್ತಾರೆ. ನಗುತ್ತಿರುವ ತನ್ನದೇ ಮುಖವನ್ನು ಅಲ್ಲೇ ಬಿಟ್ಟುಹೋಗಲು ಯಾರಿಗೆ ಮನಸ್ಸು ಬರುತ್ತದೆ? ಬಂದರು ಬಂದರೆ ಊರು ತೋರಿಸುವ ಬಸ್ಸು, ಬಂದರು ದಾಟಿದರೆ ಜೂಜಿನ ಕೋಣೆ. ಎಲ್ಲಕ್ಕೂ ಒಂದೇ ಕಾರ್ಡು, ಉಜ್ಜಿದರೆ ಆಯಿತು. ಕೈಯಿಂದ ನೋಟು ಹೋಗದ ಮೇಲೆ ಖರ್ಚಾದದ್ದೇ ಗೊತ್ತಾಗುವುದಿಲ್ಲ. ಹತ್ತು ದಿನದ ಪ್ರವಾಸ ಮುಗಿದು ಲೆಕ್ಕದ ಚೀಟಿ ಕೈಗೆ ಬಂದಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಊಟದ ಸಾಲಿನದು ಇದಕ್ಕೆ ತಿರುವುಮುರುವು. ಊಟಕ್ಕೆ ಬೇರೆ ದುಡ್ಡಿಲ್ಲವಾದ್ದರಿಂದ ತಟ್ಟೆಗೆ ಬಿದ್ದದ್ದೆಲ್ಲ ಹಡಗಿನ ಗಳಿಕೆಯಿಂದಲೇ ಕಡಿಮೆಯಾಗಬೇಕು. ಹಾಗಾಗಿ ತಟ್ಟೆ ಸಣ್ಣದು. ಮೊದಲು ಬ್ರೆಡ್ಡು, ಆಮೇಲೆ ಸೊಪ್ಪುಸದೆ, ಅನ್ನ. ಮಾಂಸ ಕಟ್ಟಕಡೆಗೆ, ಅದೂ ಬಡಿಸುವವನ ಕೈಯಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ತಟ್ಟೆಯಲ್ಲಿ ಜಾಗವೇ ಇರುವುದಿಲ್ಲ. ಎರಡನೇ ಸಲ ಬಡಿಸಿಕೊಳ್ಳಲು ಎಷ್ಟು ಹೆಜ್ಜೆಯವರೆಗೆ ಎದ್ದು ಬರುತ್ತಾರೆ, ಎಷ್ಟಾದರೆ ಬೇಡವೆಂದು ಕೂತುಬಿಡುತ್ತಾರೆ ಎಂಬುದೂ ದಸ್ತಗೀರ್ ಅವರಿಗೆ ಬಾಯಿಪಾಠ. "ಯಾರೂ ಹಸಕೊಂಡು ಏಳ್ತಿದ್ದಿಲ್ರಿ. ಆದ್ರ ಹದಿನೆಂಟು ವರ್ಷದಾಗ ಒಬ್ಬರ ಬಾಯಾಗೂ 'ಸಾಕು' ಅನ್ನೋ ಮಾತು ಕೇಳಿಲ್ಲ ನಾ. ಮಂದಿ ಸಾಕು ಅಂದ್ರ ಆ ಹಡಗು ಮುಳಗತದ." ಮಾಂಸ ಉಳಿಸಿದ್ದಕ್ಕೆ ಅವರಿಗೆ ಎರಡು ಸಲ ಪ್ರಶಸ್ತಿ ಪತ್ರ ಸಿಕ್ಕಿದೆ. ಎರಡೂ ಮನೆಯ ಗೋಡೆಯ ಮೇಲಿದ್ದವು. ಈಗ ಅಲ್ಲಿ ಬರೀ ಮೊಳೆಗಳಿವೆ.

ಪತ್ರಗಳು ಕೆಳಗಿಳಿದದ್ದಕ್ಕೆ ಕಾರಣ ನಾಲ್ಕು ವರ್ಷದ ಹಿಂದಿನ ಒಂದು ಮದುವೆ. ಹಡಗು ಬಿಟ್ಟು ಬಂದ ದಸ್ತಗೀರ್ ಹಿಡಿದ ಮೊದಲ ಕೆಲಸ ನೂರ್ ಬೀ ಅವರ ಹಿರಿಯ ಮಗಳ ಮದುವೆ ಊಟ. ನೂರ್ ಬೀ ಗಂಡನನ್ನು ಕಳೆದುಕೊಂಡು, ಮಾನ್ವಿ ಸಂತೆಯಲ್ಲಿ ಬಳೆ ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದವರು. ಆ ತಾಯಿಗೆ ನಾಲ್ಕು ಕಾಸು ಉಳಿಯಲಿ ಎಂದು ದಸ್ತಗೀರ್ ಹಡಗಿನ ವಿದ್ಯೆಯನ್ನೆಲ್ಲ ಖರ್ಚು ಮಾಡಿದರು. ರಾಯಚೂರಿನಿಂದ ಸಣ್ಣ ತಟ್ಟೆ ತಂದರು. ಮೊದಲು ರೊಟ್ಟಿ, ದಾಲ್ಚಾ, ಬಿಳಿ ಅನ್ನ ಇಟ್ಟರು, ಬಿರಿಯಾನಿ ಕೊನೆಗೆ. ಊಟ ಮುಗಿದಾಗ ಎರಡು ದೇಗು ಮುಟ್ಟದೆ ಉಳಿದಿದ್ದವು. ಅಕ್ಕ ಎಂದೇ ಕರೆಯುತ್ತಿದ್ದ ನೂರ್ ಬೀ ಬಳಿಗೆ ಓಡಿಹೋಗಿ, "ಆಪಾ, ಎರಡು ದೇಗು ಉಳಿಸೀನಿ!" ಎಂದರು, ಬೆನ್ನು ತಟ್ಟುತ್ತಾರೆ ಎಂದುಕೊಂಡು.

ನೂರ್ ಬೀ ತಿರುಗಿಯೂ ನೋಡದೆ ಒಳಗೆ ನಡೆದುಬಿಟ್ಟರು. ಅಷ್ಟರಲ್ಲಾಗಲೇ ಅವರ ಬೀಗರು, ದೇವದುರ್ಗದ ಅಬ್ದುಲ್ ವಹೀದ್, ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದಿದ್ದರು: "ಮಾನ್ವಿ ಬೀಗರ ಮನ್ಯಾಗ ತಾಟು ಸಣ್ಣದು, ಕೈ ಇನ್ನಾ ಸಣ್ಣದು." ಆ ಮಾತು ದೇವದುರ್ಗದ ತುಂಬ ಓಡಾಡಿತು. ಹಿರಿಯ ಮಗಳು ಅತ್ತೆಮನೆಯಲ್ಲಿ ಇವತ್ತಿಗೂ ಅದನ್ನು ಕೇಳಿಸಿಕೊಳ್ಳುತ್ತಾಳೆ. ನೂರ್ ಬೀ ಆ ದಿನ ಒಂದು ತುತ್ತೂ ಮುಟ್ಟಲಿಲ್ಲ.

"ಹಡಗಿನಾಗ ಉಳಿದ್ರ ಶಾಬಾಶ್ ಅಂತಾರ. ಇಲ್ಲಿ ಉಂಡವರು ಬ್ಯಾಡ ಬ್ಯಾಡ ಅಂದ ಮ್ಯಾಲ ಉಳೀಬೇಕು. ಅದಕ್ಕೂ ಇದಕ್ಕೂ ಎಷ್ಟು ಫರಕ್ ಅದ ನೋಡ್ರಿ. ಊರಾಗ ಹುಟ್ಟಿದಾಂವ ನಾ, ನನಗ ಮರತಿತ್ತು," ಎನ್ನುವಾಗ ದಸ್ತಗೀರ್ ಒಲೆಯ ಕಡೆ ಮುಖ ತಿರುಗಿಸುತ್ತಾರೆ.

ಇವತ್ತಿನದು ಅದೇ ನೂರ್ ಬೀ ಅವರ ಕಿರಿಯ ಮಗಳು ಹಸೀನಾ ಬೇಗಂ ಮದುವೆ. ಗಂಡು ರಾಯಚೂರಿನವನು. ದೇವದುರ್ಗದ ಹಳೇ ಬೀಗರೂ ಬರುತ್ತಿದ್ದಾರೆ. ಇಂಥ ದಿನಕ್ಕೆ ಮತ್ತೆ ಇದೇ ಬಾವರ್ಚಿಯನ್ನು ಯಾಕೆ ಕರೆದರು? ಮಲ್ಲಿಗೆ ಮಾಲೆ ಹಂಚುತ್ತಿದ್ದ ನೂರ್ ಬೀ ಕೈ ನಿಲ್ಲಿಸದೆ ಹೇಳುತ್ತಾರೆ: "ಬ್ಯಾರೇದವ್ರು ಬಂದು ಚಲೋ ಮಾಡಿದ್ರ ಇವತ್ತಿಂದು ಚಲೋ ಆಗತದ. ಹಿಂದಿಂದು ಹಂಗ ಉಳೀತದ. ಅದನ್ನ ಇವನ ಕೈಲೇ ತೊಳಸಬೇಕು."

ಹನ್ನೊಂದು ಗಂಟೆ. ಒಳಗೆ ನಿಕಾಹ್ ನಡೆಯುತ್ತಿದೆ. ದಸ್ತಗೀರ್ ಕೈ ಒರೆಸಿಕೊಂಡು ಮುಂಬಾಗಿಲಿಗೆ ಬಂದು, ರಾಶಿ ಬಿದ್ದ ಚಪ್ಪಲಿಗಳ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಹಡಗಿನ ಬಾಗಿಲಲ್ಲಿ ಯಂತ್ರ ತಲೆ ಎಣಿಸುತ್ತಿತ್ತು. ಇಲ್ಲಿ ಮದುವೆ ಪತ್ರಿಕೆಯಲ್ಲೇ 'ಸಕುಟುಂಬ ಸಪರಿವಾರ' ಎಂದು ಅಚ್ಚು ಹಾಕಿಸಿದ ಮೇಲೆ ಯಾರು ತಾನೇ ಎಣಿಸಿಯಾರು? ಅವರು ಎಣಿಸುತ್ತಾರೆ. ಹೊಲದ ಮಣ್ಣು ಮೆತ್ತಿದ ಚಪ್ಪಲಿಗೆ ಒಂದೂವರೆ ಊಟ, ಎತ್ತರ ಹಿಮ್ಮಡಿಯದಕ್ಕೆ ಮುಕ್ಕಾಲು, ಮಕ್ಕಳವು ಎರಡು ಜೊತೆಗೆ ಒಂದು. ಅಷ್ಟರಲ್ಲಿ ದೇವದುರ್ಗದಿಂದ ಕರೆಯದೆ ಇದ್ದವರನ್ನೂ ತುಂಬಿಕೊಂಡ ಮೂರು ಕ್ರೂಸರ್ ಗಾಡಿ ಬಂದು ನಿಲ್ಲುತ್ತವೆ. ದಸ್ತಗೀರ್ ತುಟಿ ಅಲುಗಿಸಿ ಕೂಡಿಸಿ, ತಟ್ಟನೆ ಏಳುತ್ತಾರೆ. "ಎಂಬತ್ತು ಜಾಸ್ತಿ. ಎಂಟನೇದು ಹಚ್ಚರಿ!"

ಎಂಟನೇ ದೇಗಿಗೆ ಬೇಕಾದ ಅಕ್ಕಿ, ಮಸಾಲೆಯಲ್ಲಿ ನೆನೆದ ಮಟನ್ ಎಲ್ಲವನ್ನೂ ಬೆಳಿಗ್ಗೆ ಬರುವಾಗಲೇ ಮನೆಯಿಂದ ತಂದು ಮುಚ್ಚಿಟ್ಟಿದ್ದರು. "ಅದು ಬಿಲ್ಲಿನಾಗ ಇಲ್ರಿ. ಅದು ನಂದು," ಅಷ್ಟೇ ಅವರ ವಿವರಣೆ.

ಒಂದು ಗಂಟೆಗೆ ನೆಲದ ಮೇಲೆ ತಾಟು ಇಡುವ ಉದ್ದನೆಯ ಬಟ್ಟೆ, ದಸ್ತರಖಾನ್ ಹಾಸುತ್ತಾರೆ. ಹಡಗಿನ ವಿದ್ಯೆ ಇವತ್ತೂ ಇದೆ, ತಲೆಕೆಳಗಾಗಿ ಇದೆ. ತಾಟು ದೊಡ್ಡದು. ಬಿರಿಯಾನಿ ಮೊದಲು, ತುಂಡು ಮೇಲೆ ಕಾಣುವ ಹಾಗೆ. ಯಾರೂ ಒಂದು ಹೆಜ್ಜೆಯೂ ಏಳಬೇಕಿಲ್ಲ, ದೇಗೇ ಪಂಕ್ತಿಯ ತಲೆಗೆ ಬರುತ್ತದೆ. ಬಡಿಸುವವರು ಹಿಂದಿನ ಮೂಲೆಯಿಂದ ಶುರು ಮಾಡುತ್ತಾರೆ. ಕೇಳಲು ನಾಚುವವರು ಕೂರುವುದು ಅಲ್ಲೇ ಎಂದು ಹದಿನೆಂಟು ವರ್ಷ ನೋಡಿದ ಕಣ್ಣಿಗೆ ಗೊತ್ತು. ನೂರಾರು ಕೈಗಳು ಒಟ್ಟಿಗೆ ಉಣ್ಣುವ, ಒಂದು ತಾಟೂ ಬರಿದಾಗದ ಆ ನೋಟ ಮೈ ಜುಮ್ಮೆನ್ನಿಸುತ್ತದೆ.

ಅಬ್ದುಲ್ ವಹೀದ್ ಅವರ ಮುಂದೆ ದಸ್ತಗೀರ್ ತಾವೇ ಸೌಟು ಹಿಡಿದು ನಿಲ್ಲುತ್ತಾರೆ. ಒಂದು ಸಲ ಬಡಿಸಿದರು. ಎರಡು ಸಲ. ನಾಲ್ಕನೇ ಸಲಕ್ಕೆ ಹಿರಿಯರು ತಾಟಿನ ಮೇಲೆ ಎರಡೂ ಅಂಗೈ ಅಡ್ಡ ಹಿಡಿದರು.

"ಸಾಕೋ ಮಾರಾಯಾ, ಸಾಕು! ದೇವದುರ್ಗಕ್ಕ ಹೊತಗೊಂಡು ಹೋಗಬೇಕಾಗತದ ನನ್ನ."

ಪಂಕ್ತಿಯೆಲ್ಲ ನಕ್ಕಿತು. ಹೆಂಗಸರ ಕಡೆಯ ಪರದೆಯ ಅಂಚಿನಲ್ಲಿ ನಿಂತಿದ್ದ ಹಿರಿಯ ಮಗಳು ಮಾವನ ಮಾತು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ದಸ್ತಗೀರ್ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಮುಂದಿನ ತಾಟಿಗೆ ಹೋದರು.

ನಾಲ್ಕು ಗಂಟೆ. ಬೀಗರು ಬುತ್ತಿ ಕಟ್ಟಿಸಿಕೊಂಡು ಗಾಡಿ ಹತ್ತಿದ್ದಾರೆ. ಎಂಟನೇ ದೇಗಿನಲ್ಲಿ ಇನ್ನೂ ಕಾಲು ಭಾಗ ಇದೆ. ನಿಮಗಿನ್ನೇನು ಆಸೆ ಎಂದು ಕೇಳಿದರೆ ದಸ್ತಗೀರ್ ಬೆವರು ಒರೆಸಿಕೊಳ್ಳುತ್ತ, "ಆಪಾ ಉಂಡ್ರ ಮುಗೀತ್ರಿ," ಎನ್ನುತ್ತಾರೆ.

ನೂರ್ ಬೀ ಬರುತ್ತಾರೆ. ಬೆಳಗಿನಿಂದ ನಿಂತ ಕಾಲು ಮಡಚಿ, ಖಾಲಿ ದಸ್ತರಖಾನಿನ ಮುಂದೆ ಒಬ್ಬರೇ ಕೂರುತ್ತಾರೆ. ದಸ್ತಗೀರ್ ಬಡಿಸುತ್ತಾರೆ. ಅವರು ಉಣ್ಣುತ್ತಾರೆ, ನಿಧಾನಕ್ಕೆ, ತಲೆ ಎತ್ತದೆ. ತಾಟು ಖಾಲಿಯಾಗುತ್ತದೆ. ಬಾವರ್ಚಿ ಸೌಟು ಹಿಡಿದು, 'ಸಾಕು' ಎಂಬ ಮಾತಿಗೆ ಕಾಯುತ್ತ ನಿಂತಿದ್ದಾರೆ.

ನೂರ್ ಬೀ ತಾಟು ಮುಂದೆ ಸರಿಸುತ್ತಾರೆ.

"ಇನ್ನೊಂದಿಷ್ಟು ಹಾಕು ಭಾಯ್. ಹ್ವಾದ ಮದಿವ್ಯಾಗಿಂದೂ ಇವತ್ತ ಉಣ್ಣತೀನಿ."