ಟೀವಿಗೆ ಹಾಕಿದ ಹಾರ

ಇವತ್ತು ಬೆಳಿಗ್ಗೆ ಹೆಂಡತಿ ಪೂಜೆಗೆ ತಂದ ಚೆಂಡು ಹೂವಿನ ಪುಡಿಕೆಯನ್ನು ನನ್ನ ಲ್ಯಾಪ್‌ಟಾಪಿನ ಪಕ್ಕ ಇಟ್ಟು ಒಳಗೆ ಹೋದಳು. ಆ ವಾಸನೆಗೆ ನನಗೆ ನಗು ಬಂತು. ಮಧ್ಯಾಹ್ನ ಗುಡಗೇರಿಯ ಈ ಮನೆಯಲ್ಲಿ ಕುಳಿತೇ ಪೋಲೆಂಡಿನ ವಿದ್ಯಾರ್ಥಿಗಳಿಗೆ ನಮ್ಮ ಕಡೆಯ ಕುಡಿಯುವ ನೀರಿನ ಕೆರೆಗಳ ಬಗ್ಗೆ ಉಪನ್ಯಾಸ ಕೊಡಬೇಕಿತ್ತು, ಅದೂ ನನ್ನ ಇಂಗ್ಲಿಷಿನಲ್ಲಿ. ಎದೆ ಡವಗುಟ್ಟುವಾಗ ಬಂದ ನಗುವನ್ನು ಬೇಡವೆನ್ನಬಾರದು.

ಎರಡು ವರ್ಷದ ಹಿಂದೆ ನಮ್ಮ ವಿಶ್ವವಿದ್ಯಾಲಯಕ್ಕೂ ಅವರದಕ್ಕೂ ಒಪ್ಪಂದದ ಮಾತು ನಡೆದು, ಅಲ್ಲಿಯ ಹಿರಿಯ ಪ್ರೊಫೆಸರೊಬ್ಬರು ಭಾಷಣಕ್ಕೆಂದು ಪೋಲೆಂಡಿನಿಂದಲೇ ನಮ್ಮ ಕಾಲೇಜಿನ ಟೀವಿಯಲ್ಲಿ ಕಾಣಿಸಿಕೊಂಡರು. ಅವರಿಗೆ ನಾವು ಹಿಡಿಸಿದರಷ್ಟೇ ಮುಂದಿನ ಮಾತು. ಪ್ರಾಚಾರ್ಯರಿಗೆ ಬೇರೆಯೇ ಚಿಂತೆ.

“ಬಂದವ್ರಿಗೆ ಹಾರ ಹಾಕಲಾರದ ಭಾಷಣಾ ಮಾಡ್ಸೂದು ಹೆಂಗ್ರಿ? ಅಗದಿ ಸಣ್ಣತನ ಆಗ್ತದ” ಎಂದವರೇ ಕುರ್ಚಿ ಹತ್ತಿ, ಚೆಂಡು ಹೂವಿನ ಹಾರವನ್ನು ಟೀವಿಗೆ ತೂಗುಹಾಕಿಬಿಟ್ಟರು.

ಹಾರದ ನಡುವೆ ಬಿಳಿ ಗಡ್ಡದ ಮುಖ. ನಮ್ಮ ಗೋಡೆಗಳ ಮೇಲೆ ಹಾರ ಹೊತ್ತಿರುವವರು ಯಾರೆಂದು ನಿಮಗೆ ಹೇಳಬೇಕಿಲ್ಲ. ತಡವಾಗಿ ಬಂದ ನಮ್ಮ ಗುಮಾಸ್ತ ದೇಸಾಯರು ಚಪ್ಪಲಿ ಬಿಟ್ಟು, ಟೀವಿಗೆ ಕೈಮುಗಿದು, ನನ್ನ ಕಿವಿಯಲ್ಲಿ, “ಯಾವಾಗ ಹೋದ್ರಂತ್ರಿ, ಪಾಪ?” ಎಂದರು. ಆಗಲೇ ಆ ಮುಖ ಸೀನಿತು. ದೇಸಾಯರು ಗಾಬರಿಯಾಗಿ ಹಿಂದೆ ಸರಿದರು.

ಅವರೇನೆಂದರು ಎಂದು ಪ್ರೊಫೆಸರರು ಕೇಳಿದರು. ಒಪ್ಪಂದ ಇಲ್ಲಿಗೇ ಮುಗಿಯಿತೆಂದುಕೊಂಡೆ. ತಮ್ಮ ಆರೋಗ್ಯ ವಿಚಾರಿಸಿದರು ಎಂದೆ. ಪೂರಾ ಸುಳ್ಳೇನಲ್ಲ. ಈ ಹಾರ ಯಾಕೆ ಎಂದರು. ನಮ್ಮ ಗೌರವ, ಎಂದೆ. ಅವರು ಅಲ್ಲಿಂದಲೇ ಕುತ್ತಿಗೆ ಬಾಗಿಸಿದರು.

ಇವತ್ತು ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದರೆ ಅದೇ ಗಡ್ಡ. ನಿಮ್ಮಲ್ಲಿ ಇದಿಲ್ಲದೆ ಮಾತು ಶುರುವಾಗುವುದಿಲ್ಲವಲ್ಲ ಎನ್ನುತ್ತ ಅವರು ಕ್ಯಾಮೆರಾ ತಿರುಗಿಸಿದರು. ಅಲ್ಲಿನ ದೊಡ್ಡ ಪರದೆಯ ಮೇಲೆ ನನ್ನ ಮುಖ. ಅದರ ಸುತ್ತ, ವಿದ್ಯಾರ್ಥಿಗಳು ಹಳದಿ ಕಾಗದ ಕತ್ತರಿಸಿ ಪೋಣಿಸಿದ ಹಾರ.

“ಅಯ್ಯ ಶಿವನ! ಮದಲ ಅದನ್ನ ತಗೀರಿ ಅಂತ ಹೇಳ್ರಿ ಅವರಿಗೆ!” ಬಾಗಿಲಲ್ಲಿ ನಿಂತಿದ್ದ ಹೆಂಡತಿ ಚೀರಿದಳು.

ಹಾಕಿಸಿಕೊಂಡ ಹಾರವನ್ನು ಕೂಡಲೇ ತೆಗೆದು ಮೇಜಿನ ಮೇಲಿಡುವುದು ನಮ್ಮ ರೂಢಿ. ಅಷ್ಟು ದೂರ ನನ್ನ ಕೈ ಎಲ್ಲಿ ಮುಟ್ಟೀತು? ಮುಟ್ಟುವಂತಿದ್ದರೂ ತೆಗೆಯುತ್ತಿರಲಿಲ್ಲ. ಅಷ್ಟು ಸಂತೋಷವಾಗಿತ್ತು.

ನಿಮ್ಮ ಮನೆಯವರು ಏನೆಂದರು ಎಂದು ಪ್ರೊಫೆಸರರು ಕೇಳಿದರು.

ನನ್ನ ಆರೋಗ್ಯದ ಕಾಳಜಿ, ಎಂದೆ. ಈ ಸಲ ಪೂರಾ ನಿಜ. ಕುತ್ತಿಗೆ ಬಾಗಿಸಿ, ಕೆರೆಯ ಮಾತು ಶುರುಮಾಡಿದೆ.